ಕಾವೇರಿಯ ಕುರುವಕ್ಕೆ ಸ್ಕೂಟರಿನಲ್ಲಿ

ದ್ವೀಪವೆಂದೊಡನೆ ನಮ್ಮ ಮನಸ್ಸು ಕಡಲಿನತ್ತ ಓಡುತ್ತದೆ. ಅಂಡಮಾನ್, ಲಕ್ಷದ್ವೀಪ, ಸಿಂಹಳಗಳ ತೆಂಗಿನ ಸಾಲು, ಬಿಳಿಯ ಮರಳು ಕಣ್ಣಿಗೆ ಕಟ್ಟುತ್ತವೆ. ಆದರೆ ಕಾಡಂಚಿನ ಪುಣಜನೂರಿನವರಿಗೂ ಒಂದು ದ್ವೀಪ ಎಟುಕುವಷ್ಟು ದೂರದಲ್ಲಿದೆ. ಬೆಳಗ್ಗೆ ಸ್ಕೂಟರಿನಲ್ಲಿ ಹೊರಟವರು ಅದನ್ನು ಸುತ್ತಿ ನೋಡಿ, ಹೊತ್ತು ಮುಳುಗುವುದರೊಳಗಾಗಿ ಮನೆ ಸೇರಬಹುದು. ಹೆಸರಿನಲ್ಲಿ ಸಮುದ್ರ, ಸುತ್ತಲೂ ಹೊಳೆ: ಅದೇ ಶಿವನಸಮುದ್ರ.

ಹೊಳೆಯ ನಡುವಣ ನೆಲಕ್ಕೆ ‘ಕುರುವ’ ಎಂಬುದು ಕನ್ನಡದ ಹಳೆಯ ಹೆಸರು. ಈ ದ್ವೀಪವನ್ನು ಹಿಂದಿನ ಗ್ಯಾಸೆಟಿಯರುಗಳು ‘ಹೆಗ್ಗುರ’ ಎಂದು ಕರೆದಿವೆ. ಹೆದ್ದಾರಿ, ಹೆಮ್ಮರಗಳಂತೆ ಇದೂ ‘ಹಿರಿಯ ಕುರುವ’ವೇ ಇರಬೇಕೆಂದು ನನ್ನ ಊಹೆ. ಉದ್ದ ಸುಮಾರು 3 ಮೈಲಿ, ಅಗಲ ಒಂದು ಮೈಲಿಗೂ ಕಡಮೆ. ಶ್ರೀರಂಗಪಟ್ಟಣ ಆದಿರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ನಡುವಿನ ಇದು ಮಧ್ಯರಂಗ. ಮೂರೂ ಕಾವೇರಿಯ ದ್ವೀಪಗಳೇ.

ಪುಣಜನೂರಿನ ಮೂಲಕ ಹಾದುಹೋಗುವ ಬೆಂಗಳೂರು–ಕೊಯಮತ್ತೂರು ಹೆದ್ದಾರಿಯೇ ನಮ್ಮನ್ನು ಅದರ ಸಮೀಪದ ತನಕ ಕರೆದೊಯ್ಯುತ್ತದೆ. ಚಾಮರಾಜನಗರ, ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲಗಳನ್ನು ದಾಟಿ ಸತ್ತೇಗಾಲದ ಬಳಿ ತಿರುಗಬೇಕು. ಹೊರಡುವುದು ಮಾತ್ರ ಚೆನ್ನಾಗಿ ಬೆಳಕು ಹರಿದ ಮೇಲೆ. ಮೊದಲಿನ ಹಾದಿ ಆನೆಗಳದು. ಆನೆ ಎದುರಾದರೆ ಹಾರನ್ ಬಾರಿಸದೆ, ದೂರದಲ್ಲಿಯೇ ನಿಂತು ಅದಕ್ಕೆ ದಾರಿ ಬಿಡತಕ್ಕದ್ದು.

ಬಸ್ಸಿನಲ್ಲಿ ಬಂದವರು ಜಲಪಾತದ ಮುಂದೆ ಇಳಿದು, ಅದನ್ನಷ್ಟೇ ನೋಡಿ ಹಿಂದಿರುಗುವುದು ವಾಡಿಕೆ. ಸ್ಕೂಟರಿನವರಿಗೆ ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯವುಂಟು. ಆದುದರಿಂದ ಮೊದಲು ದ್ವೀಪದ ಮೇಲ್ತುದಿಯನ್ನು ನೋಡಬೇಕು. ಅಲ್ಲಿ ಕಾವೇರಿ ಎರಡು ಕವಲಾಗಿ ಒಡೆಯುತ್ತಾಳೆ. ಬೇಸಗೆಯಲ್ಲಿ ಬಂಡೆಗಳ ನಡುವೆ ಮರಳು ತೋರುತ್ತದೆ. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಶಾಂತ. ಮುಂದೆ ಮಧ್ಯರಂಗನ ಗುಡಿ, ಸೋಮೇಶ್ವರನ ಗುಡಿ, ಹಳ್ಳಿಯ ಮನೆಗಳು. ಗಗನಚುಕ್ಕಿಯ ಸಮೀಪದಲ್ಲಿ ದರ್ಗಾ. ಕೊನೆಯಲ್ಲಿ ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತವೆ. ಗಗನಚುಕ್ಕಿಯ ಇಳಿತ ಸುಮಾರು 300 ಅಡಿ. ಈ ಇಳಿತದ ಬಲದಿಂದಲೇ 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು.

ಮೇಲ್ತುದಿಯ ಮೌನದ ನೀರೂ ಕೆಳತುದಿಯ ಆರ್ಭಟದ ನೀರೂ ಒಂದೇ. ದ್ವೀಪವನ್ನು ಪೂರ್ತಿ ಸುತ್ತಿದವರಿಗೆ ಇದು ಮನದಟ್ಟಾಗುತ್ತದೆ. ಒಂದು ತುದಿಯನ್ನಷ್ಟೇ ಕಂಡವರು ಮರಳಿನ ಅಂಚಿನಲ್ಲಿ ಮಕ್ಕಳನ್ನು ನೀರಿಗೆ ಬಿಟ್ಟು ತಾವು ಬುತ್ತಿ ಬಿಚ್ಚುತ್ತಾರೆ. ಮಳೆ ಬೀಳುವುದು ಕೊಡಗಿನಲ್ಲಿ, ವಯನಾಡಿನಲ್ಲಿ. ಕೃಷ್ಣರಾಜಸಾಗರದ ಬಾಗಿಲನ್ನೋ ಕಬಿನಿಯ ಬಾಗಿಲನ್ನೋ ತೆರೆದರೆ, ಕೊಳ್ಳೇಗಾಲದ ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ ಇಲ್ಲಿ ಹೊಳೆ ಏರುತ್ತದೆ. ಮೊಣಕಾಲುದ್ದದ ನೀರು ಎದೆಯುದ್ದವಾಗಲು ಬಹಳ ಹೊತ್ತು ಬೇಡ. ಪಾಚಿ ಹಿಡಿದ ಬಂಡೆ ಈಜು ಬಲ್ಲವನನ್ನೂ ಜಾರಿಸುತ್ತದೆ. ಹತ್ತೊಂಬತ್ತನೆಯ ಶತಮಾನದಿಂದ ನಿಂತಿದ್ದ ಕಲ್ಲುಕಂಬಗಳ ಹಳೆಯ ಸೇತುವೆಯ ಒಂದು ಭಾಗವನ್ನು 2018ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಕಲ್ಲಿನ ಗತಿಯೇ ಹೀಗಾದ ಮೇಲೆ ಮನುಷ್ಯನ ಕಾಲೂರುವಿಕೆ ಎಷ್ಟರದು!

ಹೋಗಬೇಡಿರೆಂದು ನಾನು ಹೇಳುತ್ತಿಲ್ಲ, ಅವಶ್ಯವಾಗಿ ಹೋಗಿರಿ. ಹೋಗುವ ಮುನ್ನ ಅಣೆಕಟ್ಟುಗಳಿಂದ ನೀರು ಬಿಟ್ಟಿರುವ ವಾರ್ತೆಯನ್ನು ರೇಡಿಯೋದಲ್ಲಿ ಕೇಳಿರಿ. ಅಲ್ಲಿಗೆ ಹೋದ ಮೇಲೆ, ಇಂದು ನೀರು ಹೇಗಿದೆಯೆಂದು ಊರಿನ ಹಿರಿಯರೊಬ್ಬರನ್ನು ವಿಚಾರಿಸಿರಿ. ಅವರು ಬೇಡವೆಂದರೆ ದಡದ ಮೇಲಿನ ಮರದ ನೆರಳಿನಲ್ಲಿಯೇ ಕುಳಿತು ಬುತ್ತಿ ಉಣ್ಣಿರಿ. ಕಾವೇರಿಯನ್ನು ನೋಡುವುದಕ್ಕೆ ಅಷ್ಟು ಹತ್ತಿರ ಸಾಕು.