ಒಳಚರ್ಮ

ಚರ್ಮವೆಂದೊಡನೆ ನಾವು ನೆನೆಯುವುದು ಕಣ್ಣಿಗೆ ಕಾಣುವ ಹೊರಮೈಯನ್ನು. ಆದರೆ ಆ ಹೊರಚರ್ಮದಲ್ಲಿ ಒಂದು ರಕ್ತನಾಳವೂ ಇಲ್ಲ. ಅದಕ್ಕೆ ಆಹಾರವನ್ನೀಯುವುದೂ ಆಧಾರವಾಗಿ ನಿಲ್ಲುವುದೂ ಕೆಳಗಿರುವ ಒಳಚರ್ಮ. ಚರ್ಮ ಹದಮಾಡುವವರು ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಸಿ, ಕೂದಲನ್ನೂ ಹೊರಪದರವನ್ನೂ ಹೆರೆದು ತೆಗೆಯುತ್ತಾರೆ. ಉಳಿದು ಹದಗೊಳ್ಳುವುದು ಒಳಚರ್ಮವೇ. ನಾವು ಮೆಟ್ಟುವ ಪಾದರಕ್ಷೆಯ ಗಟ್ಟಿತನವೆಲ್ಲ ಅದರದು.

ಈ ಗಟ್ಟಿತನಕ್ಕೆ ಕಾರಣ ಕೊಲಾಜೆನ್ ಎಂಬ ಸಸಾರಜನಕದ ಎಳೆಗಳು. ನೀರಿನಂಶವನ್ನು ಕಳೆದರೆ ಒಳಚರ್ಮದ ತೂಕದಲ್ಲಿ 100ಕ್ಕೆ ಸುಮಾರು 70 ಪಾಲು ಇವೇ. ಜಗ್ಗಿದ ಚರ್ಮವು ಮರಳಿ ತನ್ನ ಸ್ಥಿತಿಗೆ ಬರುವುದು ಎಲಾಸ್ಟಿನ್ ಎಂಬ ಬೇರೊಂದು ಬಗೆಯ ಎಳೆಗಳಿಂದ. ಈ ಹೆಣಿಗೆಯ ನಡುವೆ ರಕ್ತನಾಳಗಳು, ನರಗಳ ತುದಿಗಳು, ಬೆವರಿನ ಗ್ರಂಥಿಗಳು, ಕೂದಲಿನ ಬುಡಗಳು ನೆಲೆಗೊಂಡಿವೆ. ಬಿಸಿಲಿನಲ್ಲಿ ಈ ನಾಳಗಳು ಹಿಗ್ಗಿ ಮೈಯ ಕಾವನ್ನು ಹೊರಗೆಡಹುತ್ತವೆ. ಚಳಿಯಲ್ಲಿ ಕುಗ್ಗಿ ಅದನ್ನು ಕಾಪಾಡುತ್ತವೆ. ಬೆರಳಚ್ಚಿನ ಗೆರೆಗಳಿಗೂ ಒಳಚರ್ಮದ ಮೇಲ್ಭಾಗದ ಸಣ್ಣ ಉಬ್ಬುಗಳೇ ತಳಹದಿ. ಆದುದರಿಂದಲೇ ಬೆರಳ ಮೇಲ್ಪದರ ತರಚಿಹೋದರೂ ಹೊಸದಾಗಿ ಬೆಳೆಯುವ ಚರ್ಮದಲ್ಲಿ ಹಳೆಯ ಗೆರೆಗಳೇ ಮೂಡುತ್ತವೆ.

ಈ ರಚನೆಯನ್ನರಿತರೆ ಸುಟ್ಟಗಾಯದ ಮರ್ಮವು ತಿಳಿಯುತ್ತದೆ. ಒಳಚರ್ಮದ ಮೇಲ್ಭಾಗ ಮಾತ್ರ ಬೆಂದಾಗ ಬೊಕ್ಕೆಯೇಳುತ್ತದೆ, ಉರಿಯು ಅಸಹನೀಯವಾಗುತ್ತದೆ. ಆದರೂ ಆಳದಲ್ಲುಳಿದ ಕೂದಲಿನ ಬುಡಗಳಿಂದಲೂ ಬೆವರಿನ ಗ್ರಂಥಿಗಳಿಂದಲೂ ಹೊಸ ಹೊರಚರ್ಮ ಹಬ್ಬಿ ಗಾಯ ಮುಚ್ಚಬಲ್ಲದು. ಒಳಚರ್ಮವೆಲ್ಲ ಬೆಂದುಹೋದರೆ ಈ ಬೀಜಗಳೂ ಇಲ್ಲ, ನರಗಳೂ ಇಲ್ಲ. ಅಂತಹ ಗಾಯವು ಬಿಳುಪಾಗಿ ಅಥವಾ ಕರಕಾಗಿ, ತೊಗಲಿನಂತೆ ಬಿರುಸಾಗಿ, ನೋವಿಲ್ಲದೆ ಇರುತ್ತದೆ. ಮನೆಯವರು ನೋವಿಲ್ಲವೆಂದು ಸಮಾಧಾನ ತಾಳುವುದುಂಟು. ವೈದ್ಯನಿಗೆ ಹೆಚ್ಚಿನ ಕಳವಳವನ್ನುಂಟುಮಾಡುವುದು ಅದೇ. ಅದು ತಾನಾಗಿ ಅಂಚುಗಳಿಂದ ಮಾತ್ರ ಮುಚ್ಚಿಕೊಳ್ಳಬೇಕು. ಅಗಲವಾಗಿದ್ದರೆ ಬೇರೆಡೆಯ ಚರ್ಮವನ್ನು ತೆಗೆದು ಕಸಿಮಾಡಬೇಕಾಗುತ್ತದೆ.

ಬೆಂಕಿ ಆರಿದ ಮೇಲೂ ಚರ್ಮದಲ್ಲಿ ನಿಂತ ಕಾವು ಒಳಗೊಳಗೆ ಸುಡುತ್ತಲೇ ಇರುತ್ತದೆ. ಆದುದರಿಂದ ಒಡನೆಯೇ ತಣ್ಣನೆಯ ನೀರನ್ನು 20 ನಿಮಿಷ ಗಾಯದ ಮೇಲೆ ಹರಿಯಬಿಡಬೇಕು. ಬಳೆ ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಶಾಯಿ, ಬೆಣ್ಣೆ, ಹಲ್ಲುಪುಡಿ, ಮಂಜುಗಡ್ಡೆ ಯಾವುದನ್ನೂ ಇಡಲಾಗದು. ಬಳಿಕ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಸುಟ್ಟಗಾಯವನ್ನು ಅಳೆಯಬೇಕಾದುದು ನೋವಿನಿಂದಲ್ಲ, ಆಳದಿಂದ ಮತ್ತು ಅಗಲದಿಂದ. ಇಷ್ಟನ್ನು ನಾವೆಲ್ಲರೂ ಮನಸ್ಸಿನಲ್ಲಿಟ್ಟರೆ ಎಷ್ಟೋ ಅಂಗಗಳು ಉಳಿದಾವು, ಎಷ್ಟೋ ಪ್ರಾಣಗಳೂ ಉಳಿದಾವು.