ಭೇದವೇ ಬೇರೆ, ಭೇದಭಾವವೇ ಬೇರೆ

(ವಾರ್ಷಿಕ ಆರಾಧನಾ ಮಹೋತ್ಸವದ ಸಂದರ್ಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)

ಹರಿಃ ಓಂ. ಶ್ರೀಗುರುಭ್ಯೋ ನಮಃ.



ಅಮೆರಿಕದ ನಂಟಿಲ್ಲದ ಮನೆ ಇಂದು ನಮ್ಮಲ್ಲಿ ಅಪರೂಪ. ಮಗನೋ ಮಗಳೋ ಸೋದರಳಿಯನೋ ಅಲ್ಲಿ ನೆಲೆಸಿರುತ್ತಾರೆ. ನಿವೃತ್ತಿಯ ಅನಂತರ ನಾನೂ ಮೂರು ಬಾರಿ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿ ಬಂದಿದ್ದೇನೆ. ಆ ದೇಶದ ಸಂಪತ್ತು, ಶಿಸ್ತುಗಳ ವರ್ಣನೆಯನ್ನು ತಾವು ಸಾಕಷ್ಟು ಕೇಳಿದ್ದೀರಿ. ಇಂದು ನಾನು ಅರಿಕೆ ಮಾಡಿಕೊಳ್ಳಬಯಸುವುದು ಅಲ್ಲಿನ ಸಮಾಜದ ಒಡಕಿನ ವಿಷಯವನ್ನು. ಅದನ್ನು ಕಂಡಾಗ ಶ್ರೀಮದಾಚಾರ್ಯರ ಸಿದ್ಧಾಂತವನ್ನು ನಂಬಿದ ನಾವು ಏನನ್ನು ಚಿಂತಿಸಬೇಕು ಎಂಬುದನ್ನು.

ಅಮೆರಿಕ ದೈವಭಕ್ತಿಯುಳ್ಳ ದೇಶ. ಅಲ್ಲಿನ ನಾಣ್ಯದ ಮೇಲೂ ದೇವರ ಮೇಲಣ ನಂಬಿಕೆಯ ಮಾತಿದೆ. ಆದರೆ ಭಕ್ತಿ ಇದ್ದಲ್ಲಿ ಭೇದಭಾವ ಇರುವುದಿಲ್ಲವೆಂದು ತಿಳಿಯುವಂತಿಲ್ಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಫಿಲಡೆಲ್ಫಿಯಾದ ಒಂದು ಚರ್ಚಿನಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಕಪ್ಪು ವರ್ಣದ ಭಕ್ತರನ್ನು, ಪ್ರಾರ್ಥನೆ ಮುಗಿಯುವವರೆಗೂ ಕಾಯದೆ, ಹಿಡಿದು ಎಬ್ಬಿಸಲಾಯಿತು. ಅವರ ಮುಖಂಡರಲ್ಲಿ ಒಬ್ಬರಾದ ರಿಚರ್ಡ್ ಆಲೆನ್ ದೇವರನ್ನು ಬಿಡಲಿಲ್ಲ. ಆ ಚರ್ಚನ್ನು ಬಿಟ್ಟರು. 1816ರಲ್ಲಿ ಅವರ ನೇತೃತ್ವದಲ್ಲಿ ಕಪ್ಪು ಜನರ ಪ್ರತ್ಯೇಕ ಚರ್ಚ್ ಸಂಘಟನೆಯೇ ರೂಪುಗೊಂಡಿತು.

1959ರ ಫೆಬ್ರವರಿಯಲ್ಲಿ ಡಾ. ಮಾರ್ಟಿನ್ ಲೂಥರ್ ಕಿಂಗ್ ನಮ್ಮ ಈ ದೆಹಲಿಗೆ ಬಂದರು, ಪ್ರಧಾನಿ ನೆಹರು ಅವರನ್ನು ಕಂಡರು. ಅದೇ ಪ್ರವಾಸದಲ್ಲಿ ತಿರುವನಂತಪುರದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧುವೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಕಿಂಗರಿಗೆ ಆ ಮಾತು ಹಿಡಿಸಲಿಲ್ಲ. ಆದರೆ ತಮ್ಮ ದೇಶದ 2 ಕೋಟಿ ಕಪ್ಪು ಜನರ ಸ್ಥಿತಿಯನ್ನು ನೆನೆದಾಗ, ಆ ಮಾತು ನಿಜವೆಂದು ಅವರಿಗೆ ತೋರಿತು. ಈ ಪ್ರಸಂಗವನ್ನು ಅವರೇ 1965ರ ಒಂದು ಪ್ರವಚನದಲ್ಲಿ ಸ್ಮರಿಸಿದ್ದಾರೆ. ಅವರ ದೇಶದ ಗಾಯಕ್ಕೆ ನಮ್ಮ ದೇಶದ ಹೆಸರು ಸರಿಹೊಂದಿತೆಂಬುದು ನಾವು ಹೆಮ್ಮೆಪಡುವ ಸಂಗತಿಯಲ್ಲ.

ಇನ್ನೊಂದು ಪ್ರಸಂಗವನ್ನು ಗಮನಿಸಬೇಕು. ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿನ ಸಿಖ್ಖರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಅಲ್ಲಿನ ಪೌರತ್ವ ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ದೊರೆಯುತ್ತಿತ್ತು. ಥಿಂದ್ ಅವರ ಪರವಾಗಿ ಮಂಡಿಸಿದ ವಾದವೇನು ಗೊತ್ತೇ? ಇವರು ಉಚ್ಚಕುಲದ ಆರ್ಯರು. ಅಮೆರಿಕದ ಬಿಳಿಯರು ಕಪ್ಪು ಜನರನ್ನು ಹೇಗೆ ಕಾಣುವರೋ ಹಾಗೆಯೇ ಉಚ್ಚಕುಲದ ಹಿಂದೂಗಳು ಭಾರತದ ಮೂಲನಿವಾಸಿಗಳನ್ನು ಕಾಣುತ್ತಾರೆ. ಆದುದರಿಂದ ಇವರನ್ನು ಬಿಳಿಯರೆಂದೇ ಪರಿಗಣಿಸಬೇಕು ಎಂದು! 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಈ ವಾದವನ್ನು ತಳ್ಳಿಹಾಕಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರೂ ಅದನ್ನು ಕಳೆದುಕೊಂಡರು. ಕುಲದ ಹೆಮ್ಮೆ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಹಾಗಾದರೆ ನಮ್ಮ ಮಕ್ಕಳಿಗೆ ಬಾಗಿಲು ತೆರೆದದ್ದು ಯಾವಾಗ? 1946ರ ಕಾನೂನು ಭಾರತದಿಂದ ವರ್ಷಕ್ಕೆ ಕೇವಲ 100 ಮಂದಿಗೆ ಅವಕಾಶ ಕೊಟ್ಟಿತು. ಜನ್ಮದೇಶದ ಆಧಾರದ ಮೇಲಿನ ಆ ಮಿತಿಯನ್ನು ತೆಗೆದುಹಾಕಿದ್ದು 1965ರ ವಲಸೆ ಕಾನೂನು. ಕಪ್ಪು ಜನರು ಬೀದಿಗಿಳಿದು, ಪೆಟ್ಟು ತಿಂದು, ಸೆರೆಮನೆ ಸೇರಿ ನಡೆಸಿದ ಸಮಾನತೆಯ ಹೋರಾಟದ ಕಾಲದಲ್ಲಿಯೇ, ಅದೇ ಗಾಳಿಯಲ್ಲಿಯೇ ಆ ಕಾನೂನು ಬಂದಿತು. ನಮ್ಮ ಮಕ್ಕಳ ವೀಸಾದ ಹಿಂದೆ ಅವರ ಋಣವೂ ಇದೆ.

ಈ ಋಣದ ಅರಿವು ನಮ್ಮವರಲ್ಲಿ ಎಷ್ಟಿದೆ? ಅಲ್ಲಿ ನಮ್ಮವರ ಮನೆಯೊಂದರಲ್ಲಿ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಪ್ರಸಾದ ಸ್ವೀಕರಿಸುತ್ತಾ ಒಬ್ಬ ಸಜ್ಜನರು, ತಮ್ಮ ಉಚ್ಚಾರಣೆ ಅವರಂತಿಲ್ಲವೆಂಬ ಕಾರಣಕ್ಕೆ ಕಚೇರಿಯಲ್ಲಿ ಬಡ್ತಿ ತಪ್ಪಿತೆಂದು ನೊಂದು ಹೇಳಿಕೊಂಡರು. ಎಲ್ಲರೂ ಮರುಗಿದೆವು. ಸ್ವಲ್ಪ ಹೊತ್ತಿನಲ್ಲಿ ಮಾತು ಮನೆ ಕೊಳ್ಳುವ ವಿಷಯಕ್ಕೆ ತಿರುಗಿತು. ಅದೇ ಸಜ್ಜನರು, “ಆ ಬಡಾವಣೆ ಮಾತ್ರ ಬೇಡ, ಅಲ್ಲಿ ಕಪ್ಪು ಜನ ಜಾಸ್ತಿ” ಎಂದರು. ನೊಂದ ನಾಲಗೆಯೂ ನೋಯಿಸಿದ ನಾಲಗೆಯೂ ಒಂದೇ ಆಗಿತ್ತು. “ಅಂಕಲ್, ನಿಮ್ಮ ಬಾಸ್ ಕೂಡ ನಿಮ್ಮ ಬಗ್ಗೆ ಹೀಗೇ ಅಂದುಕೊಂಡಿರಬಹುದಲ್ಲ?” ಎಂದು ಕೇಳಿದ್ದು ಆ ಮನೆಯ ಕಾಲೇಜು ಓದುವ ಹುಡುಗಿ. ಉತ್ತರ ಯಾರಿಂದಲೂ ಬರಲಿಲ್ಲ.

ದ್ವೇಷಕ್ಕೆ ನಮ್ಮವರೂ ಬಲಿಯಾಗಿದ್ದಾರೆ. 2017ರ ಫೆಬ್ರವರಿಯಲ್ಲಿ ಕಾನ್ಸಾಸ್ ರಾಜ್ಯದಲ್ಲಿ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಗುಂಡಿಗೆ ಬಲಿಯಾದರು. ತನ್ನ ದೇಶ ಬಿಟ್ಟು ತೊಲಗಿರೆಂದು ಕೂಗಿದವನು ಒಬ್ಬ ಬಿಳಿಯ. ಅವನನ್ನು ತಡೆಯಹೋಗಿ ಗುಂಡೇಟು ತಿಂದವನೂ ಬಿಳಿಯನೇ. ಮನುಷ್ಯನ ಗುಣ ಚರ್ಮದಲ್ಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಅಮೆರಿಕದ ಮಾತು ಇಷ್ಟು ಸಾಕು. ನಾವು ದೆಹಲಿಗೆ ಬಂದ ಕಾಲದಲ್ಲಿ ಕನ್ನಡಿಗ, ತೆಲುಗ, ಮಲಯಾಳಿ ಎಂಬ ವಿವೇಚನೆಯಿಲ್ಲದೆ ಎಲ್ಲರನ್ನೂ ‘ಮದ್ರಾಸಿ’ ಎನ್ನುತ್ತಿದ್ದರು. ಬಾಡಿಗೆ ಮನೆ ಹುಡುಕಿದವರಿಗೆ ಆ ಪದದ ಕಹಿ ಗೊತ್ತು. 2014ರ ಜನವರಿಯಲ್ಲಿ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ, ಕೂದಲಿನ ಬಗೆಗಿನ ಗೇಲಿಯಿಂದ ಆರಂಭವಾದ ಜಗಳದಲ್ಲಿ ಪೆಟ್ಟು ತಿಂದು ತೀರಿಕೊಂಡನು. ನಮ್ಮ ಎತ್ತರದ ವಸತಿ ಸಮುಚ್ಚಯಗಳಲ್ಲಿ ಇಂದಿಗೂ ಎಷ್ಟೋ ಕಡೆ ಮನೆಗೆಲಸದವರಿಗೆ ಬೇರೆ ಲಿಫ್ಟ್, ಬೇರೆ ಲೋಟ. ಫಿಲಡೆಲ್ಫಿಯಾ ನಮಗೆ ಅಷ್ಟೇನೂ ದೂರವಿಲ್ಲ.

ಇಲ್ಲಿ ನಮ್ಮ ಯುವಕರು ಒಂದು ಪ್ರಶ್ನೆ ಕೇಳುತ್ತಾರೆ: “ನಮ್ಮ ಸಿದ್ಧಾಂತವೇ ಭೇದವನ್ನು ಹೇಳುತ್ತದಲ್ಲ?” ಹೌದು, ಹೇಳುತ್ತದೆ. ಪಂಚಭೇದವೂ ಸತ್ಯ, ತಾರತಮ್ಯವೂ ಸತ್ಯ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆಚಾರ್ಯರು ಹೇಳಿದ್ದು ಜೀವಸ್ವರೂಪದ ತಾರತಮ್ಯ. ಆ ಸ್ವರೂಪವನ್ನು ಪೂರ್ಣವಾಗಿ ಬಲ್ಲವನು ಶ್ರೀಹರಿ. ಎದುರಿಗೆ ನಿಂತವರ ಬಣ್ಣ, ಉಡುಪು, ಅಡ್ಡಹೆಸರು ನೋಡಿ ಅವರ ಯೋಗ್ಯತೆಯನ್ನು ಅಳೆಯುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಸ್ವತಂತ್ರನು ಅವನೊಬ್ಬನೇ, ಉಳಿದವರೆಲ್ಲರೂ ಪರತಂತ್ರರು ಎಂದು ನಂಬಿದವನಿಗೆ ತನ್ನ ಜನ್ಮದ ಬಗ್ಗೆ ಗರ್ವಪಡಲು ಎಡೆಯೇ ಇಲ್ಲ. ತಾರತಮ್ಯಜ್ಞಾನ ನಮಗಿಂತ ಮೇಲಿರುವವರಿಗೆ ತಲೆಬಾಗಲು ಕಲಿಸುತ್ತದೆ. ಕೆಳಗಿನವರು ಯಾರೆಂದು ಹುಡುಕಲು ಅಲ್ಲ. ಎಲ್ಲ ಜೀವರಲ್ಲಿಯೂ ಬಿಂಬರೂಪನಾಗಿ ಅವನೇ ಇರುವಾಗ, ಪ್ರತಿಬಿಂಬವನ್ನು ಹೀಗಳೆದು ಬಿಂಬವನ್ನು ಪೂಜಿಸುವುದು ಎಂತಹ ಪೂಜೆ?

ಆಚಾರ್ಯರ ನಡೆಯೂ ಇದಕ್ಕೆ ಅನುಗುಣವಾಗಿದೆ. ಬದರೀಯಾತ್ರೆಯ ಮಾರ್ಗದಲ್ಲಿ ಗಂಗೆಯನ್ನು ದಾಟಿ, ತುರುಷ್ಕ ರಾಜನೊಡನೆ ಅವನದೇ ಭಾಷೆಯಲ್ಲಿ ಅವರು ಮಾತನಾಡಿದರೆಂದು ಸುಮಧ್ವವಿಜಯ ವರ್ಣಿಸುತ್ತದೆ. ಶ್ರೀವ್ಯಾಸರಾಜರು ಕನಕದಾಸರನ್ನು ಶಿಷ್ಯರನ್ನಾಗಿ ಸ್ವೀಕರಿಸಿದಾಗ ಇತರ ಶಿಷ್ಯರು ಗೊಣಗಿದರೆಂಬ ಕಥೆ ನಮಗೆಲ್ಲ ತಿಳಿದದ್ದೇ. ಕನಕನ ಕಿಂಡಿಯ ಬಗ್ಗೆ ನಾವು ಹೆಮ್ಮೆಪಡುತ್ತೇವೆ. ಆದರೆ ಬಾಗಿಲು ತೆರೆದಿದ್ದರೆ ಕಿಂಡಿ ಬೇಕಾಗುತ್ತಿರಲಿಲ್ಲ! ಕೃಷ್ಣನು ಪಶ್ಚಿಮಕ್ಕೆ ತಿರುಗಿದನು. ನಾವು ಎತ್ತ ತಿರುಗಿದ್ದೇವೆ?

ಸ್ವಲ್ಪಮಟ್ಟಿಗೆ ತಿರುಗಿದ್ದೇವೆ. 2019ರಲ್ಲಿ ಹರಿಪಾದ ಸೇರಿದ ಪೇಜಾವರ ಶ್ರೀವಿಶ್ವೇಶತೀರ್ಥ ಶ್ರೀಪಾದರು ದಶಕಗಳ ಹಿಂದೆಯೇ, ಸ್ವಜನರ ಟೀಕೆಯನ್ನು ಸಹಿಸಿ, ದಲಿತರ ಕೇರಿಗಳಿಗೆ ಪಾದ ಬೆಳೆಸಿದರು. 2018ರಲ್ಲಿ ಪಲಿಮಾರು ಶ್ರೀಪಾದರ ಪರ್ಯಾಯದಲ್ಲಿ ಉಡುಪಿಯ ಮಠದಲ್ಲಿ ಮಡೆಸ್ನಾನ ನಿಂತಿತು. ಪಂಕ್ತಿಯ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ.

ಸಮುದ್ರಯಾನದ ವಿಷಯವನ್ನು ನೆನೆಯಿರಿ. ವಿದೇಶಕ್ಕೆ ಹೋಗಿಬಂದ ಪುತ್ತಿಗೆ ಶ್ರೀಸುಗುಣೇಂದ್ರತೀರ್ಥರು ಕೃಷ್ಣಪೂಜೆ ಮಾಡಬಹುದೇ ಎಂದು 2008ರ ಪರ್ಯಾಯದಲ್ಲಿ ದೊಡ್ಡ ವಿವಾದವಾಯಿತು. ಅದೇ ಶ್ರೀಪಾದರು 2024ರಲ್ಲಿ ನಾಲ್ಕನೆಯ ಬಾರಿಗೆ ಪರ್ಯಾಯ ಪೀಠವನ್ನೇರಿದರು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಅವರ ಮಠದ ಶ್ರೀಕೃಷ್ಣ ವೃಂದಾವನವಿದೆ. ಸಮುದ್ರ ದಾಟಿದ ನಮ್ಮ ಮಕ್ಕಳನ್ನು ಇಂದು ಯಾವ ಮನೆಯವರೂ ಹೊರಗೆ ನಿಲ್ಲಿಸುವುದಿಲ್ಲ. ನಮ್ಮ ಮಕ್ಕಳ ವಿಷಯ ಬಂದಾಗ ಶಾಸ್ತ್ರದಲ್ಲಿ ದಾರಿಯನ್ನು ಹುಡುಕಿಕೊಂಡೆವು. ಇತರರ ಮಕ್ಕಳಿಗಾಗಿಯೂ ಅಷ್ಟೇ ಶ್ರದ್ಧೆಯಿಂದ ಹುಡುಕಬೇಡವೇ?

ಮಡಿಯನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಮಡಿ ನಮಗೆ ನಾವೇ ವಿಧಿಸಿಕೊಂಡ ನಿಯಮ. ಅದನ್ನು ಇನ್ನೊಬ್ಬರ ಅವಮಾನಕ್ಕೆ ಸಾಧನ ಮಾಡಿಕೊಳ್ಳಬಾರದು. ಮನೆಗೆಲಸದವಳು ನಮ್ಮ ಲಿಫ್ಟಿನಲ್ಲಿಯೇ ಬರಲಿ. ಬಾಡಿಗೆಗೆ ಬಂದ ಈಶಾನ್ಯದ ಹುಡುಗನನ್ನು ಊರು ಕೇಳೋಣ, ಜಾತಿ ಕೇಳುವುದು ಬೇಡ. ಈ ಮಠದ ತೀರ್ಥಪ್ರಸಾದಕ್ಕೆ ಬಂದವರು ಯಾರೇ ಆಗಲಿ, ತಮ್ಮ ಸರದಿಯಲ್ಲಿ ಸಂಕೋಚವಿಲ್ಲದೆ ಕೈಯೊಡ್ಡುವಂತಾಗಲಿ. ಇದರಿಂದ ಸಿದ್ಧಾಂತಕ್ಕೆ ಎಳ್ಳಷ್ಟೂ ಕುಂದಿಲ್ಲ.

ಶ್ರೀಹರಿವಾಯುಗುರುಗಳು ನಮಗೆಲ್ಲರಿಗೂ ಸದ್ಬುದ್ಧಿಯನ್ನು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.