ಹತ್ತಡಿ ಕೋಣೆಯಲ್ಲೊಂದು ಗುಮ್ಮಟ

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ನಿವೃತ್ತಿಯ ನಂತರ ನಾನು ಕಲಿತದ್ದು’ ಎಂಬ ವಿಷಯ ಕೊಟ್ಟಿದ್ದೀರಿ. ಕಸೂತಿಯೋ ಉಪ್ಪಿನಕಾಯಿಯೋ ಇರಬಹುದೆಂದು ನೀವು ಎಣಿಸಿದ್ದರೆ ಕ್ಷಮಿಸಿ. ನಾನು ತಂದಿರುವುದು ಈ ಮರದ ಪೆಟ್ಟಿಗೆ. ಇದಕ್ಕೆ ಸ್ಪ್ರಿಂಗ್ ರಿವರ್ಬ್ ಎನ್ನುತ್ತಾರೆ. ಅಮೆರಿಕದ ಫೆಂಡರ್ ಕಂಪನಿ 1961ರಲ್ಲಿ ಗಿಟಾರ್ ವಾದಕರಿಗಾಗಿ ತಂದ ಪೆಟ್ಟಿಗೆಯ ನಕಲು ಇದು, ನಾನೇ ಕೈಯಾರೆ ಮಾಡಿದ್ದು. ನಾನು ಹುಟ್ಟಿದ್ದೂ 1961ರಲ್ಲೇ. ಹಾಗಾಗಿ ನಾವಿಬ್ಬರೂ ಓರಗೆಯವರು.

ಇದರ ಕೆಲಸವೇನು? ವಿಜಯಪುರದ ಗೋಳಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಹಲವು ಬಾರಿ ಕೇಳಿಸುತ್ತದೆ. ಅದು ಪ್ರತಿಧ್ವನಿ, ಒಂದೊಂದನ್ನೂ ಎಣಿಸಬಹುದು. ಕಲ್ಲಿನ ದೇವಸ್ಥಾನದೊಳಗೆ ಗಂಟೆ ಬಾರಿಸಿದಾಗ ನಾದ ಎಣಿಕೆಗೆ ಸಿಗದೆ ತೇಲುತ್ತಾ ನಿಧಾನವಾಗಿ ಕರಗುತ್ತದಲ್ಲ, ಅದು ಅನುರಣನ. ಈಗ ನಮ್ಮ ಮುಂಬಯಿಯ ಚಾಳಿನ ಕೋಣೆಯನ್ನು ನೆನಪಿಸಿಕೊಳ್ಳಿ. ಹತ್ತಡಿ ಉದ್ದ, ಹತ್ತಡಿ ಅಗಲ. ಹಾಸಿಗೆ ಸುರುಳಿ, ಹಗ್ಗದ ಮೇಲೆ ಬಟ್ಟೆ, ಆರು ಜನ. ಬಟ್ಟೆ ಸದ್ದನ್ನು ನುಂಗುತ್ತದೆ. ಅಲ್ಲಿ ಎಷ್ಟು ಚೆನ್ನಾಗಿ ನುಡಿಸಿದರೂ ಸ್ವರ ಹುಟ್ಟಿದಲ್ಲೇ ಸಾಯುತ್ತದೆ.

ಆರ್ಗನ್ ತಯಾರಿಸುತ್ತಿದ್ದ ಲಾರೆನ್ಸ್ ಹ್ಯಾಮಂಡ್ ಎಂಬ ಅಮೆರಿಕನ್ನನಿಗೂ ಇದೇ ತೊಂದರೆ. ಚರ್ಚಿನಲ್ಲಿ ತುಂಬಿ ಹರಿಯುವ ಆರ್ಗನ್ನಿನ ನಾದ, ಜಮಖಾನೆ ಪರದೆಗಳಿರುವ ಮನೆಯಲ್ಲಿ ಒಣಗಿಹೋಗುತ್ತಿತ್ತು. ಪರಿಹಾರ ಸಿಕ್ಕಿದ್ದು ಬೆಲ್ ಪ್ರಯೋಗಾಲಯದ ಒಂದು ಸಾಧನದಲ್ಲಿ. ದೂರದ ಊರಿನ ಟೆಲಿಫೋನ್ ಕರೆಯಲ್ಲಿ ಮಾತು ತಡವಾಗಿ ತಲುಪುವುದನ್ನು ಅನುಕರಿಸಲು ಅಲ್ಲಿ ಸ್ಪ್ರಿಂಗ್ ಬಳಸಿದ್ದರು. ಇದನ್ನು ಓದಿದ ದಿನ ನನಗೆ ನಗು ಬಂತು. ನಾನು ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿ ಕೆಲಸಕ್ಕೆ ಸೇರಿದವಳು. ‘ಹಲೋ’ ಎಂದು ಕೂಗಿ, ಆ ಕಡೆಯಿಂದ ಉತ್ತರಕ್ಕೆ ಕಾಯುವುದೇ ನನ್ನ ಸಂಬಳದ ಕೆಲಸವಾಗಿತ್ತು!

ಇನ್ನು ನನ್ನ ಅಣ್ಣನ ವಿಷಯ. ಹಗಲು ಹೋಟೆಲ್ ಕೆಲಸ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಆ ಕಾಲದ ನಮ್ಮೂರ ಹುಡುಗರ ದಾರಿಯೇ ಅವನದೂ. ಆದರೆ ಅವನಿಗೆ ಗಿಟಾರಿನ ಹುಚ್ಚು ಹಿಡಿಯಿತು. ವ್ಯಾನ್ ಶಿಪ್ಲೆಯವರ ರೆಕಾರ್ಡುಗಳನ್ನು ಇರಾನಿ ಹೋಟೆಲಿನ ಮುಂದೆ ನಿಂತು ಕೇಳಿ ಹವಾಯಿಯನ್ ಗಿಟಾರ್ ಕಲಿತ. ಒಂದು ಆರ್ಕೆಸ್ಟ್ರಾ ಸೇರಿದ. ಅದರ ಯಜಮಾನರ ಬಳಿ ವಿದೇಶದಿಂದ ತರಿಸಿದ ಇಂಥದೇ ಪೆಟ್ಟಿಗೆ ಇತ್ತು.

1974ರ ಗಣೇಶೋತ್ಸವ. ನನಗೆ 13 ವರ್ಷ. ಪೆಂಡಾಲಿನಲ್ಲಿ ಅಣ್ಣ ನುಡಿಸುತ್ತಿದ್ದಾಗ ಪೆಟ್ಟಿಗೆಯೊಳಗೆ ಏನಿದೆ ಎಂದು ಬಗ್ಗಿ ನೋಡಹೋದೆ. ಮೊಣಕಾಲು ತಾಗಿತು. ಸ್ಪ್ರಿಂಗುಗಳು ಒಂದಕ್ಕೊಂದು ಬಡಿದು ಧ್ವನಿವರ್ಧಕದಲ್ಲಿ ಗುಡುಗು ಸಿಡಿಲು! ಜನ ಎದ್ದು ನಿಂತರು. ಅಣ್ಣ ಎಲ್ಲರೆದುರು ಬೈದ: “ಕರೆಂಟಿನ ಸಾಮಾನು ಹುಡುಗಿಯರು ಮುಟ್ಟಬಾರದು, ಇನ್ನೊಮ್ಮೆ ಇದರ ಹತ್ತಿರ ಬರಬೇಡ.” ನಾನು ಮತ್ತೆ ಹೋಗಲಿಲ್ಲ.

ಮೂರು ವರ್ಷಗಳ ಹಿಂದೆ ಅಣ್ಣನಿಗೆ ಪಾರ್ಶ್ವವಾಯು ಆಯಿತು. ಬಲಗೈ ನಿಧಾನಕ್ಕೆ ಚೇತರಿಸಿಕೊಂಡಿತು, ಆದರೆ ವೇಗ ಹೋಯಿತು. ಬೆರಳಾಡಿಸುತ್ತಿರಬೇಕೆಂದು ವೈದ್ಯರು ಹೇಳಿದ್ದರು. ಅವನು ಒಂದು ತಂತಿ ಮೀಟಿ ಮುಂದಿನದಕ್ಕೆ ಬೆರಳು ತರುವಷ್ಟರಲ್ಲಿ ಮೊದಲ ಸ್ವರ ಸತ್ತಿರುತ್ತಿತ್ತು. “ಇದು ಸಂಗೀತವಲ್ಲ, ತೂತು ಬಿದ್ದ ಬಟ್ಟೆ,” ಎಂದು ಗಿಟಾರನ್ನು ಮಂಚದ ಕೆಳಗೆ ತಳ್ಳಿದ. ಸ್ವರ ಸ್ವಲ್ಪ ಹೊತ್ತು ನಿಲ್ಲುವಂತಾದರೆ ಆ ತೂತು ಮುಚ್ಚೀತು ಎಂದು ನನಗನ್ನಿಸಿತು. ಸೋದರಳಿಯ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ಅಣ್ಣ ಅದನ್ನು ತಿರುಗಿಯೂ ನೋಡಲಿಲ್ಲ. ಅವನಿಗೆ ಆ ಪೆಟ್ಟಿಗೆಯೇ ಬೇಕಿತ್ತು.

ಹಳೆಯ ನಕ್ಷೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಎಕ್ಸ್‌ಚೇಂಜಿನಲ್ಲಿ ತಂತ್ರಜ್ಞರಾಗಿದ್ದ ನಿವೃತ್ತ ಸಹೋದ್ಯೋಗಿಯೊಬ್ಬರು ಬೆಸುಗೆ ಹಾಕುವುದನ್ನು ಕಲಿಸಿದರು. ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿ ಅಂಗಡಿ ಅಲೆದೆ. “ಆಂಟಿ, ಮಗನಿಗಾ?” ಎಂದು ಕೇಳುವವರೇ ಎಲ್ಲ. ನನಗೇ ಎಂದರೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಸ್ಟೂಲ್ ಕೊಡುತ್ತಿದ್ದರು. ಅಮೆರಿಕದ ಕರೆಂಟಿಗೆ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟಿಗೆ ಆಗದು, ಬೇರೆಯೇ ಸುತ್ತಿಸಿದೆ. ಮೂಲದಲ್ಲಿರುವ 6ಕೆ6 ವಾಲ್ವ್ ಸಿಗಲಿಲ್ಲ. ಬಲ್ಲವರು 6ವಿ6 ಹಾಕುತ್ತಾರೆ, ನಾನೂ ಹಾಕಿದೆ. ಸ್ಪ್ರಿಂಗಿನ ತಟ್ಟೆಯನ್ನು ಸೋದರಳಿಯ ವಿದೇಶದಿಂದ ತಂದ.

ತಟ್ಟೆಯ ಉದ್ದ ಹದಿನೇಳಿಂಚಿಗೂ ಸ್ವಲ್ಪ ಕಡಿಮೆ. ಗಿಟಾರಿನಿಂದ ಬಂದ ವಿದ್ಯುತ್ತು ಒಂದು ತುದಿಯ ಸುರುಳಿಗೆ ಹೋಗಿ, ಸ್ಪ್ರಿಂಗಿನ ತುದಿಯಲ್ಲಿರುವ ಪುಟ್ಟ ಅಯಸ್ಕಾಂತವನ್ನು ತಿರುಚುತ್ತದೆ. ಆ ತಿರುಚು ಅಲೆಯಾಗಿ ಇನ್ನೊಂದು ತುದಿಗೆ ಓಡಿ, ಅಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ಒಂದು ಸ್ಪ್ರಿಂಗಿನಲ್ಲಿ ಇದಕ್ಕೆ ಸೆಕೆಂಡಿನ ಸಾವಿರದಲ್ಲಿ 33 ಭಾಗ, ಇನ್ನೊಂದರಲ್ಲಿ 41 ಭಾಗ ಹಿಡಿಯುತ್ತದೆ. ಅಲೆ ಅಲ್ಲಿಗೇ ನಿಲ್ಲದೆ ಹಿಂದೆ ಮುಂದೆ ಓಡಾಡಿ ಕ್ಷೀಣಿಸುತ್ತದೆ. ಎರಡರ ವೇಗ ಬೇರೆಯಾದ್ದರಿಂದ ಅಲೆಗಳು ಒಂದರೊಳಗೊಂದು ಬೆರೆತು, ದೊಡ್ಡ ಸಭಾಂಗಣದ ಗೋಡೆಗಳಿಂದ ಬಂದವೆಂದು ಕಿವಿಗೆ ಅನ್ನಿಸುತ್ತದೆ.

ಇದನ್ನು ಕೇಳಿ ಯಾರಾದರೂ ಆಸೆಪಟ್ಟರೆ ಒಂದು ಎಚ್ಚರಿಕೆ. ಒಳಗೆ 300 ವೋಲ್ಟಿನಷ್ಟು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಅದು ಇಳಿದಿದೆಯೆಂದು ಮೀಟರಿನಲ್ಲಿ ನೋಡದೆ ಬೆರಳಿಡಬಾರದು. ಪರೀಕ್ಷೆ ಮಾಡುವಾಗ ಒಂದೇ ಕೈ ಬಳಸಬೇಕು, ಇನ್ನೊಂದು ಕೈ ಬೆನ್ನ ಹಿಂದೆ. ನಾನು ಚಿನ್ನದ ಬಳೆ ತೆಗೆದಿಟ್ಟೆ, ಸೆರಗು ಸಿಕ್ಕಿಸಿದೆ. ಮೊದಲ ಬಾರಿ ಸ್ವಿಚ್ ಹಾಕುವ ಮುನ್ನ ಆ ಸಹೋದ್ಯೋಗಿಯೇ ಬಂದು ಪ್ರತಿ ತಂತಿಯನ್ನೂ ನೋಡಿದರು.

ಸ್ವಿಚ್ ಹಾಕಿದೆ. ನಾದ ಬರಲಿಲ್ಲ, ‘ಗುಂಯ್’ ಎಂಬ ಸದ್ದು ಮಾತ್ರ. ಎಲ್ಲ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಅದೇ ‘ಗುಂಯ್’. ಎರಡು ತಿಂಗಳು ಹೀಗೆ ಕಳೆಯಿತು. “ವಯಸ್ಸಿಗೆ ತಕ್ಕ ಕೆಲಸ ಮಾಡಬಾರದೇ?” ಎಂದು ಮನೆಯಲ್ಲಿ ಮಾತು ಬಂತು. ಅಳುವೂ ಬಂತು. ಒಂದು ರಾತ್ರಿ ಒರೆಸಲೆಂದು ತಟ್ಟೆಯನ್ನು ಎತ್ತಿ ತಿರುಗಿಸಿದೆ, ಸದ್ದು ಇಳಿಯಿತು! ಹಿಂದಕ್ಕೆ ತಿರುಗಿಸಿದರೆ ಏರಿತು. ನನ್ನ ಬೆಸುಗೆಯಲ್ಲಿ ತಪ್ಪಿರಲೇ ಇಲ್ಲ. ನಾದ ಹಿಡಿಯುವ ತುದಿಯನ್ನು ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಇಟ್ಟಿದ್ದೆ, ಅದರ ಕಾಂತಕ್ಷೇತ್ರವನ್ನು ಸುರುಳಿ ಹೀರುತ್ತಿತ್ತು. ತಟ್ಟೆಯನ್ನು ತಿರುವು ಮುರುವು ಮಾಡಿ ಕೂರಿಸಿದೆ. ಕೆಲಸ ಐದು ನಿಮಿಷದ್ದು.

ಪೆಟ್ಟಿಗೆಯನ್ನು ಅಣ್ಣನ ಮನೆಗೆ ಒಯ್ದೆ. ಯಾರು ಮಾಡಿದ್ದೆಂದು ಹೇಳಲಿಲ್ಲ. ಮಂಚದ ಕೆಳಗಿಂದ ಗಿಟಾರ್ ಬಂತು. ಅಣ್ಣ ಒಂದು ತಂತಿ ಮೀಟಿದ. ಸ್ವರ ಕೋಣೆ ತುಂಬಿ ನಿಂತಿತು. ಅದು ಕರಗುವ ಮೊದಲೇ ಅವನ ಬೆರಳು ಎರಡನೆಯ ತಂತಿಗೆ ತಲುಪಿತ್ತು. ಮೂರು, ನಾಲ್ಕು ಸ್ವರ. ಆಮೇಲೆ ನಿಲ್ಲಿಸಿ ಪೆಟ್ಟಿಗೆಯನ್ನೂ, ನನ್ನ ಬೆರಳಿನ ಸುಟ್ಟ ಕಲೆಗಳನ್ನೂ ನೋಡಿದ. ಸ್ಪ್ರಿಂಗನ್ನು ಎಷ್ಟು ಜೋರಾಗಿ ಅಲುಗಿಸಬೇಕೆಂದು ಹೇಳುವ ಗುಂಡಿಗೆ ಡ್ವೆಲ್ ಎನ್ನುತ್ತಾರೆ.

“ಡ್ವೆಲ್ ಜಾಸ್ತಿಯಾಯ್ತು ಮಾರಾಯ್ತಿ. ಸ್ವಲ್ಪ ಕಡಿಮೆ ಮಾಡು,” ಎಂದ.

ಐವತ್ತು ವರ್ಷದ ಮೇಲೆ, ಆ ಪೆಟ್ಟಿಗೆ ಮುಟ್ಟು ಎಂದು ಅಣ್ಣ ಹೇಳಿದ್ದು ಹೀಗೆ. ಈಗ ದಿನಾ ಸಂಜೆ ಅರ್ಧ ಗಂಟೆ ನುಡಿಸುತ್ತಾನೆ. ಕೈ ಮೊದಲಿನಂತಾಗಿಲ್ಲ, ಗಿಟಾರ್ ಮಾತ್ರ ಮಂಚದ ಕೆಳಗೆ ಹೋಗಿಲ್ಲ. ಇವತ್ತು ಒಂದು ದಿನದ ಮಟ್ಟಿಗೆ ಪೆಟ್ಟಿಗೆಯನ್ನು ಕೇಳಿ ತಂದಿದ್ದೇನೆ.

ಚಹಾ ವಿರಾಮದಲ್ಲಿ ಎಲ್ಲರೂ ಬಂದು ಮುಟ್ಟಿ ನೋಡಿ, ಗುಂಡಿ ತಿರುಗಿಸಿ. ನಿಮ್ಮ ಹೆಣ್ಣುಮಕ್ಕಳನ್ನೂ ಕರೆತನ್ನಿ. ಮೊಣಕಾಲು ತಾಗಿಸಿದರೆ ಗುಡುಗುತ್ತದೆ. ಗುಡುಗಲಿ, ನಾನು ಬೈಯುವುದಿಲ್ಲ.